ಬೀಗರಿಗೆ ಹಾವೇರಿ ತೋರಿಸಿದ್ದು

ಲಗ್ನದ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಹಂಚುತ್ತಾರೆ. ಲೆಕ್ಕ ಬರುವವನಿಗೆ ಕಿರಾಣಿ, ದನಿ ದೊಡ್ಡದಿರುವವನಿಗೆ ಅಡುಗೆಯವರ ಉಸ್ತುವಾರಿ, ಹುಟ್ಟಿನಿಂದ ಯಾರನ್ನೂ ನಂಬದವನಿಗೆ ಆಹೇರಿ ಬರೆದುಕೊಳ್ಳುವ ನೋಟ್‌ಬುಕ್ಕು. ಇದ್ಯಾವುದಕ್ಕೂ ಒಗ್ಗದ ಆಸಾಮಿ ಉಳಿದರೆ "ನೀ ಬೀಗರನ್ನ ನೋಡ್ಕೋ" ಎನ್ನುತ್ತಾರೆ. ಕೇಳಲು ಘನವಾದ ಹುದ್ದೆ. ಹಿಂದೊಂದು ಲಗ್ನದಲ್ಲಿ ಎಣ್ಣೆಗಾಯಿಗೆ ಎಳೆಬದನೆ ತಾ ಎಂದು ಕಳಿಸಿದಾಗ, ಅಗ್ಗ ಸಿಕ್ಕಿತೆಂದು ಸುಟ್ಟು ಬಜ್ಜಿ ಮಾಡುವ ಗಾತ್ರದವನ್ನು ಚೀಲಗಟ್ಟಲೆ ತಂದ ದಾಖಲೆ ನನ್ನ ಹೆಸರಿನಲ್ಲಿದೆ. ಹೀಗಾಗಿ ಅಣ್ಣನ ಮಗಳ ಮದುವೆಯಲ್ಲಿ ಬೀಗರು ನನ್ನ ಪಾಲಿಗೆ ಬಂದರು.

ಮದುವೆ ರಾಣೆಬೆನ್ನೂರಿನಲ್ಲಿ. ವರನ ಕಡೆಯವರು ಬೆಂಗಳೂರಿನವರು. ದಾವಣಗೆರೆಯ ಬೆಣ್ಣೆದೋಸೆಯಿಂದಾಚೆಗೂ ಕರ್ನಾಟಕ ಇದೆ ಎಂಬುದನ್ನು ಸುದ್ದಿಯಲ್ಲಷ್ಟೇ ಕೇಳಿದವರು. ಮುಹೂರ್ತಗಳ ಸುಗ್ಗಿಯಾದ್ದರಿಂದ ರಾಣೆಬೆನ್ನೂರಿನ ಲಾಡ್ಜುಗಳು ತುಂಬಿದ್ದವು. ಅವರನ್ನು ಹಾವೇರಿಯಲ್ಲಿ ಇಳಿಸುವುದೆಂದು ಠರಾವಾಯಿತು. ಗುರುವಾರ ಇಡೀ ದಿನ ಖಾಲಿ, ಸಂಜೆ ರಾಣೆಬೆನ್ನೂರಿನಲ್ಲಿ ಬೀಗರನ್ನು ಇದಿರುಗೊಳ್ಳುವುದು, ಶುಕ್ರವಾರ ಅಕ್ಕಿಕಾಳು. ವರನ ತಂಗಿ ಮದುವೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದಳು: "ಅಂಕಲ್, ಅಲ್ಲಿ ನೋಡೋಕೆ ಏನೇನಿದೆ, ಊಟ ಎಲ್ಲಿ ಚೆನ್ನಾಗಿರುತ್ತೆ, ಒಂದು ಲಿಸ್ಟ್ ಕಳಿಸ್ತೀರಾ?"

ನಾನು ಹಾವೇರಿಯಲ್ಲೇ ಹುಟ್ಟಿ, ಹಾವೇರಿಯಲ್ಲೇ ಹೈಸ್ಕೂಲು ಮಕ್ಕಳಿಗೆ ಭೂಗೋಳ ಕಲಿಸಿ, ಹಾವೇರಿಯಲ್ಲೇ ನಿವೃತ್ತನಾದವನು. ಆದ್ದರಿಂದ ಹಾವೇರಿಯಲ್ಲಿ ಏನನ್ನೂ ನೋಡಿದವನಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತ ಯಾವ ಯಾವ ರಾಜ್ಯ ಹಾಯುತ್ತದೆಂದು ನಿದ್ದೆಗಣ್ಣಲ್ಲಿ ಹೇಳಬಲ್ಲೆ. ಕೃಷ್ಣಮೃಗಗಳ ಅಭಯಾರಣ್ಯಕ್ಕೆ ಎಲ್ಲಿ ತಿರುಗಬೇಕು ಎಂದರೆ ಹೆಂಡತಿಯ ಮುಖ ನೋಡುತ್ತೇನೆ. ಆದರೂ ಲಿಸ್ಟ್ ಎಂಬ ಶಬ್ದ ಕೇಳಿದ ಕೂಡಲೇ ಮಾಸ್ತರಿಕೆಯ ರಕ್ತ ಕುದಿಯಿತು. ನಮ್ಮದು 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರೆಯಾದ ಜಿಲ್ಲೆ. ಬೇರೆ ಮನೆ ಮಾಡಿದ ಸೊಸೆ ಬಂದವರೆದುರು ಹಂಡೆ-ಕೊಡಪಾನ ತೋರಿಸುವಂತೆ ನಮಗೂ ಒಂದು ಚಟವಿದೆ. ಹಾನಗಲ್ಲಿನ ತಾರಕೇಶ್ವರ, ರಟ್ಟೀಹಳ್ಳಿಯ ಕದಂಬೇಶ್ವರ, ಚೌಡಯ್ಯದಾನಪುರದ ಮುಕ್ತೇಶ್ವರ, ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥ, ಬಂಕಾಪುರದ ನವಿಲುಧಾಮ, ಸವಣೂರಿನ ದೊಡ್ಡ ಹುಣಸೆ ಮರಗಳು, ಕನಕದಾಸರು ಹುಟ್ಟಿದ ಬಾಡ, ನೆಲೆಸಿದ ಕಾಗಿನೆಲೆ, ಶರೀಫಜ್ಜನ ಶಿಶುನಾಳ, ಹತ್ತಿರದ ಗುಡಿ-ಪೇಟೆಗಳು, ಎಲ್ಲವನ್ನೂ ಬರೆದೆ. ಕೆಳಗೆ "ಮಧ್ಯಾಹ್ನದೊಳಗೆ ಮುಗಿಸಬಹುದು" ಎಂದು ಸೇರಿಸಿದೆ. ನಕಾಶೆಯಲ್ಲಿ ಎಲ್ಲವೂ ಒಂದು ಗೇಣಿನೊಳಗೇ ಇದ್ದವು.

ಹೆಂಡತಿ ಓದಿದಳು. "ಇವರು ಲಗ್ನಕ್ಕ ಬರಾಕತ್ತಾರೋ, ಜನಗಣತಿಗೋ?"

ಕತ್ತರಿ ಹಾಕಿ ಸಿದ್ಧೇಶ್ವರ ಗುಡಿ, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ, ಕದರಮಂಡಲಗಿ ಆಂಜನೇಯ, ಕೃಷ್ಣಮೃಗ ಇಷ್ಟನ್ನು ಉಳಿಸಿದೆ. ಗುಂಪಿನಲ್ಲಿ ಪ್ರಶ್ನೆಗಳು ಸುರಿದವು. ಮಾಲ್ ಇದೆಯಾ ಎಂದರು. ಎಪಿಎಂಸಿ ಇದೆ ಎಂದೆ. ನೈಟ್‌ಲೈಫ್ ಹೇಗೆ ಎಂದರು. ಕರೆಂಟ್ ಇರುತ್ತದೆ ಎಂದೆ. ಉತ್ತರಗಳಿಗೆ ಹೆಬ್ಬೆರಳುಗಳು ಬಂದವು, ಉಬ್ಬಿಹೋದೆ.

ಗುರುವಾರ ಎಂಟಕ್ಕೆ ಹೊರಡಬೇಕಿದ್ದ ಟೆಂಪೋ ಟ್ರಾವೆಲರ್ ಹತ್ತಕ್ಕೆ ಹೊರಟಿತು. ತಡವಾದದ್ದಕ್ಕೆ ಬೀಗರು ಕಾರಣರಲ್ಲ. ಏಲಕ್ಕಿ ಹಾರ ಇಸಿದುಕೊಳ್ಳಲು ನಾನು ಹೋಗಿದ್ದೆ. ಹಾವೇರಿಗೆ ಬಂದು ಏಲಕ್ಕಿ ಹಾರ ಹಾಕಿಸಿಕೊಳ್ಳದೆ ಹೋದ ಮಂತ್ರಿಯಿಲ್ಲ. 2023ರ ಜನವರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ಇಲ್ಲಿ ನಡೆದಾಗಲಂತೂ ಊರಿಗೂರೇ ಏಲಕ್ಕಿ ಕಂಪಿನ ನಾಡೆಂದು ಕಮಾನು ಕಟ್ಟಿಕೊಂಡಿತ್ತು. ತಮಾಷೆಯೆಂದರೆ ಏಲಕ್ಕಿ ಇಲ್ಲಿ ಬೆಳೆಯುವುದಿಲ್ಲ. ಮಲೆನಾಡಿನಿಂದ ಬಂದ ಕಾಯನ್ನು ಇಲ್ಲಿಯ ಬಾವಿ ನೀರಿನಲ್ಲಿ ತೊಳೆದು ಹದ ಮಾಡುತ್ತಿದ್ದ ಪೇಟೆ ಇದು. ಹೆಸರು ನಮ್ಮ ಪಾಲಿಗೆ ಉಳಿಯಿತು. ಹಾರ ಕಟ್ಟುವ ಕಲೆ ತಲೆಮಾರುಗಳಿಂದ ಇಲ್ಲಿಯ ಮುಸ್ಲಿಂ ಮನೆತನದ ಕೈಯಲ್ಲಿದೆ. ಸಂಜೆ ಇದಿರುಗೊಳ್ಳುವಾಗ ವರನ ಕೊರಳಿಗೆ ಹಾಕಲು ಅಣ್ಣ ಮೊದಲೇ ಹೇಳಿ ಮಾಡಿಸಿದ್ದ ಹಾರವದು: ಎಳೆ ಎಳೆಯಾಗಿ ಪೋಣಿಸಿ, ನಡುನಡುವೆ ಜರಿ, ಉಣ್ಣೆಯ ಗೊಂಡೆ ಕಟ್ಟಿದ್ದರು. "ಜ್ವಾಕಿ" ಎಂದು ಅಣ್ಣ ಫೋನಿನಲ್ಲೇ ಗದರಿದ್ದ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಡ್ರೈವರನ ಪಕ್ಕ ಕುಳಿತೆ.

ಸಿದ್ಧೇಶ್ವರ ಗುಡಿಯಲ್ಲಿ ಒಳ್ಳೆಯ ಆರಂಭವೇ ಆಯಿತು. ಕಲ್ಯಾಣ ಚಾಲುಕ್ಯರ ಕಾಲದ್ದು, ಹನ್ನೆರಡನೆಯ ಶತಮಾನದ್ದು, ಬಳಪದ ಕಲ್ಲು, ಆ ಕಾಲದ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿದರೆ ಇದು ಪಶ್ಚಿಮಕ್ಕೆ, ಎಂದು ರಾತ್ರಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. ವರನ ಚಿಕ್ಕಪ್ಪ ನಿವೃತ್ತ ಇಂಜಿನಿಯರು. "ಯಾಕೆ ಪಶ್ಚಿಮಕ್ಕೆ?" ಎಂದರು. ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ಗೊತ್ತಿಲ್ಲ ಎಂದು ಹೇಳಿ ನನಗೆ ರೂಢಿಯಿಲ್ಲ. ಮುಂಗಾರು ಪಶ್ಚಿಮದಿಂದ ಬರುವುದರಿಂದ ದೇವರು ಮಳೆಯ ದಾರಿ ನೋಡುತ್ತ ಕೂತಿದ್ದಾನೆ ಎಂದೆ. ಅವರು ಅದನ್ನು ಡೈರಿಯಲ್ಲಿ ಬರೆದುಕೊಂಡರು. ಗುಡಿಯ ತಳಪಾಯ ಕೆಲವು ಅಡಿ ನೆಲಕ್ಕಿಳಿದಿರುವುದರಿಂದ ಮಂಟಪಕ್ಕೆ ಇಳಿದು ಹೋಗಬೇಕು. ಆ ಇಳಿಜಾರನ್ನೂ ವಿವರಿಸುತ್ತ ಹಿಂದೆ ಹಿಂದೆ ಹೆಜ್ಜೆಯಿಟ್ಟೆ, ವಿವರಣೆಗಿಂತ ಮೊದಲು ನಾನೇ ಮಂಟಪ ತಲುಪಿದೆ. ಏಳುವಾಗ ಸೊಂಟ ಪಶ್ಚಿಮಕ್ಕೆ ತಿರುಗಿತ್ತು. ಮಕ್ಕಳು ಇನ್ನೊಮ್ಮೆ ಬೀಳಿ ಎಂದು ಕೇಳಿಕೊಂಡವು; ವಿಡಿಯೋ ಸರಿ ಬಂದಿರಲಿಲ್ಲವಂತೆ.

ಬ್ಯಾಡಗಿಯ ಮಾರುಕಟ್ಟೆ ನೋಡಲು ಸೋಮವಾರ, ಗುರುವಾರ ಹೋಗಬೇಕು. ಆ ದಿನ ಗುರುವಾರವಾದದ್ದು ನನ್ನ ಯೋಜನೆಯೆಂದು ಎಲ್ಲರೂ ಭಾವಿಸಿದರು, ತಿದ್ದಲಿಲ್ಲ. ಹೆದ್ದಾರಿ ಬಿಟ್ಟು ಮೋಟೆಬೆನ್ನೂರಿನಲ್ಲಿ ಒಳಗೆ ತಿರುಗುವಾಗ ಇದು ಸ್ವಾತಂತ್ರ್ಯ ಹೋರಾಟದ ಮೈಲಾರ ಮಹಾದೇವಪ್ಪನವರ ಊರು, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು, ಹಾವೇರಿ ರೈಲು ನಿಲ್ದಾಣಕ್ಕೆ ಅವರದೇ ಹೆಸರು ಎಂದು ಹೇಳಿದೆ. ಆ ಒಂದು ಮಾತಿಗೆ ಯಾರೂ ಪ್ರಶ್ನೆ ಕೇಳದೆ ಸುಮ್ಮನೆ ಹೊರಗೆ ನೋಡಿದರು. ಅಷ್ಟರಲ್ಲೇ ನಾನೂ ಸುಮ್ಮನಾಗಿದ್ದರೆ ಚೆನ್ನಿತ್ತು.

"ಬ್ಯಾಡಗಿ ಮೆಣಸಿನಕಾಯಿ ಅಂದ್ರ ಬಣ್ಣ, ಖಾರ ಅಲ್ಲ" ಎಂದು ಶುರು ಮಾಡಿದೆ. ಇದರ ಬಣ್ಣಕ್ಕೆ ಜಗತ್ತೆಲ್ಲ ಮರುಳಾಗಿದೆ, 2011ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ, ಕಾರ್ಖಾನೆಯವರು ಎಣ್ಣೆ ಹಿಂಡಿ ತೆಗೆದ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ, ತಾವು ಹಚ್ಚಿಕೊಂಡಿರುವುದೂ ನಮ್ಮೂರಿನದೇ ಇರಬಹುದು ಎಂದು ವರನ ಸೋದರತ್ತೆಯವರಿಗೆ ವಿನಯದಿಂದ ಅರಿಕೆ ಮಾಡಿಕೊಂಡೆ. ಅವರು ತುಟಿಯನ್ನು ಒಳಗೆ ಎಳೆದುಕೊಂಡರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಸೀಸನ್ನಿನಲ್ಲಿ ಅಲ್ಲಿ ಒಂದೇ ದಿನಕ್ಕೆ ಲಕ್ಷಕ್ಕೂ ಮೀರಿ ಚೀಲ ಬರುತ್ತವೆ. ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯ ಕಾಯಿಯೂ ಲಾರಿಯೇರಿ ಇಲ್ಲಿಗೇ ಬಂದು ಬ್ಯಾಡಗಿಯದಾಗುತ್ತದೆ. ಪ್ರಾಂಗಣ ತುಂಬ ಕೆಂಪು ರಾಶಿ. ದಲಾಲರು ಕಾಯಿ ಮುರಿದು, ಮೂಸಿ, ತೊಟ್ಟು ತಿರುವಿ ನೋಡುತ್ತ ತಿರುಗುತ್ತಿದ್ದರು. ವರನ ತಂಗಿ ರಾಶಿಯ ಮುಂದೆ ನಿಂತು ದುಪಟ್ಟಾ ಹಾರಿಸಿ ರೀಲ್ಸ್ ಮಾಡತೊಡಗಿದಳು. ಹಾರಿದ್ದು ದುಪಟ್ಟಾ ಒಂದೇ ಅಲ್ಲ. ಖಾರ ಕಡಿಮೆ ಇರುವ ಮೆಣಸಿನಕಾಯಿಗೂ ಘಾಟು ಇರುತ್ತದೆ. ಅದನ್ನು ಲಿಸ್ಟಿನಲ್ಲಿ ಬರೆಯುವುದು ಬಿಟ್ಟುಹೋಗಿತ್ತು. ಮೊದಲು ಒಂದು ಮಗು ಸೀನಿತು. ಆಮೇಲೆ ಇಂಜಿನಿಯರು. ಆಮೇಲೆ ಇಡೀ ನಿಬ್ಬಣ ಒಂದೇ ತಾಳದಲ್ಲಿ ಸೀನತೊಡಗಿತು. ಅತ್ತೆಯವರ ಕಾಡಿಗೆ ಗಲ್ಲಕ್ಕಿಳಿದು, ಲಿಪ್‌ಸ್ಟಿಕ್ಕು ಕರವಸ್ತ್ರ ಸೇರಿ, ಮೆಣಸಿನಕಾಯಿಯ ಬಣ್ಣವೇ ಗಟ್ಟಿ ಎಂಬ ನನ್ನ ವಾದಕ್ಕೆ ಸಾಕ್ಷಿ ಉಳಿಯಲಿಲ್ಲ. ಹಮಾಲರು ಚೀಲ ಇಳಿಸುವುದು ನಿಲ್ಲಿಸಿ ನಮ್ಮನ್ನು ನೋಡಿದರು. "ಸಾಹೇಬ್ರ, ಮಂದೀನ್ನ ಗಾಳಿ ಬರೂ ದಿಕ್ಕಿಗೆ ನಿಲ್ಸರಿ" ಎಂದ ಒಬ್ಬ. ಮುಂಗಾರಿನ ದಿಕ್ಕಿನ ಮೇಲೆ ಬೆಳಿಗ್ಗೆಯಷ್ಟೇ ಭಾಷಣ ಬಿಗಿದ ಭೂಗೋಳದ ಮಾಸ್ತರ ಅವರನ್ನೆಲ್ಲ ಸರಿಯಾಗಿ ಎದುರು ದಿಕ್ಕಿಗೆ ನಿಲ್ಲಿಸಿದ್ದ.

ಕಡ್ಡಿ ಮತ್ತು ಡಬ್ಬಿ ಎಂಬ ಎರಡು ಜಾತಿಯನ್ನು ದಲಾಲನೊಬ್ಬ ಅಂಗೈಯಲ್ಲಿಟ್ಟು ತೋರಿಸಿದ. ಡಬ್ಬಿ ಗಿಡ್ಡ, ದುಂಡು, ಬೀಜ ಹೆಚ್ಚು. ಕಡ್ಡಿ ಉದ್ದ, ಮೈಯೆಲ್ಲ ಸುಕ್ಕು, ಬೀಜ ಕಡಿಮೆ, ಖಾರವೂ ಕಡಿಮೆ. ನನ್ನ ಹೆಂಡತಿ ಮೊದಲು ಕಾಯಿಯನ್ನು ನೋಡಿದಳು, ಆಮೇಲೆ ನನ್ನನ್ನು. ಬೀಗರೆದುರು ಏನೂ ಅನ್ನಲಿಲ್ಲ. ಅನ್ನಬೇಕಾದ ಅಗತ್ಯವೂ ಇರಲಿಲ್ಲ. ಎಲ್ಲರೂ ಅವಳ ನೋಟವನ್ನು ಹಿಂಬಾಲಿಸಿದ್ದರು.

ಊಟಕ್ಕೆ ಖಾನಾವಳಿ. ಲಿಸ್ಟಿನಲ್ಲಿ ಇದಕ್ಕೆ ನಕ್ಷತ್ರ ಹಾಕಿದ್ದೆ. ಮೆನು ಕೊಡಿ ಎಂದರೆ ಬಡಿಸುವ ಅಕ್ಕ ನಕ್ಕು ತಾಟು ಇಟ್ಟಳು. ಕಡಕ್ ರೊಟ್ಟಿ, ಬಿಸಿ ರೊಟ್ಟಿ, ಝುಣಕ, ಎಣ್ಣೆಗಾಯಿ, ಹೆಸರುಕಾಳು ಪಲ್ಲೆ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಕೆನೆ ಮೊಸರು, ಹಸಿ ಉಳ್ಳಾಗಡ್ಡಿ. ಕೈ ಅಡ್ಡ ಹಿಡಿಯದಿದ್ದರೆ ರೊಟ್ಟಿ ಬೀಳುತ್ತಲೇ ಇರುತ್ತದೆ ಎಂಬ ನಿಯಮವನ್ನೂ ನಾನು ಹೇಳಿರಲಿಲ್ಲ. ತಾಟಿನಲ್ಲಿ ಬಿಡಬಾರದೆಂಬ ಸಂಸ್ಕಾರವಂತ ಇಂಜಿನಿಯರು ಬಿದ್ದದ್ದನ್ನೆಲ್ಲ ತಿಂದರು. ಅವರು ಮುಗಿಸಿದರೆಂದು ಆಕೆ ಹಾಕಿದಳು. ಆಕೆ ಹಾಕಿದಳೆಂದು ಅವರು ಮುಗಿಸಿದರು. ಕೊನೆಗೆ ಹಿಟ್ಟು ತೀರಿ ಇಬ್ಬರೂ ಗೌರವದಿಂದ ಬೇರೆಯಾದರು. ಹೊರಗೆ ಮಿರ್ಚಿ ಕರಿಯುತ್ತಿದ್ದರು. "ಬೆಂಗಳೂರು ಮಂದಿಗೆ ಇದು ತಡಿಯೂದುಲ್ಲ" ಎಂದು ಎಚ್ಚರಿಸಿ, ತಿನ್ನುವುದು ಹೇಗೆಂದು ತೋರಿಸಲು ನಾನೇ ಮೊದಲು ಕಚ್ಚಿದೆ. ಹಿಟ್ಟಿನೊಳಗಿದ್ದದ್ದು ಬ್ಯಾಡಗಿಯಲ್ಲ, ಯಾವುದೋ ಹಸಿಮೆಣಸು. ಕಣ್ಣಲ್ಲಿ ನೀರು, ಕಿವಿಯಲ್ಲಿ ಸಿಳ್ಳೆ. ಸೋದರತ್ತೆಯವರು ಮಂಡಕ್ಕಿಯ ಜೊತೆ ಒಂದರ ಹಿಂದೊಂದು ತಿಂದು, "ಸ್ವಲ್ಪ ಸಪ್ಪೆ, ಅಲ್ವಾ?" ಎಂದರು. ಅವರ ತವರು ಗುಂಟೂರೆಂದು ಆಮೇಲೆ ತಿಳಿಯಿತು.

ಬಾಯಿ ತಣ್ಣಗಾಗಲೆಂದು ಯಾರೋ ಏಲಕ್ಕಿ ಕೇಳಿದರು. ತೊಡೆಯ ಮೇಲೆ ಡಬ್ಬಿ ಇತ್ತು. ಹಾರದ ತುದಿಯಲ್ಲಿ ಒಂದು ಕಾಯಿ ಸಡಿಲವಾಗಿತ್ತು, ಹೇಗೂ ಬೀಳುವುದೇ ಎಂದು ಕೊಟ್ಟೆ. ಅದರ ಪಕ್ಕದ್ದು ಒಂಟಿಯಾಗಿ ಕಂಡಿತು.

ಕದರಮಂಡಲಗಿಯವರೆಗೂ ಎಲ್ಲ ಹತೋಟಿಯಲ್ಲಿತ್ತು. ಕಾಂತೇಶನ ದರ್ಶನವಾಯಿತು, ನೆರಳಲ್ಲಿ ಕುಳಿತೆವು, ಇನ್ನು ನೇರ ರಾಣೆಬೆನ್ನೂರು. ಆದರೆ ಲಿಸ್ಟಿನಲ್ಲಿ ಈ ಗುಡಿಯ ಕೆಳಗೆ ನಾನು ದಪ್ಪಕ್ಷರದಲ್ಲಿ ಒಂದು ಸಾಲು ಬರೆದಿದ್ದೆ: ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರನ್ನು ಒಂದೇ ದಿನ ನೋಡಿದರೆ ವಿಶೇಷ ಪುಣ್ಯವೆಂದು ನಂಬಿಕೆ. ಸೋದರತ್ತೆಯವರು ಫೋನು ತೆಗೆದು ಆ ಸಾಲನ್ನು ಗಟ್ಟಿಯಾಗಿ ಓದಿದರು. ಲಿಪ್‌ಸ್ಟಿಕ್ ಪ್ರಸಂಗದ ನಂತರ ಅವರು ಬಾಯಿ ಬಿಟ್ಟು ಕೇಳಿದ ಮೊದಲ ದೊಡ್ಡ ಬೇಡಿಕೆ. "ದೂರವಾ?" ಎಂದರು. ನಕಾಶೆ ನೆನೆದು "ಇಲ್ಲೇ" ಎಂದೆ.

ಸಾತೇನಹಳ್ಳಿ ಹಿರೇಕೆರೂರು ತಾಲೂಕಿನದು. ಶಿಕಾರಿಪುರ ಶಿವಮೊಗ್ಗ ಜಿಲ್ಲೆಯದು. ಭಕ್ತರು ನಸುಕಿನಲ್ಲೆದ್ದು ಹೊರಡುವ ಯಾತ್ರೆಯನ್ನು ನಾವು ರೊಟ್ಟಿ ತಿಂದು ಹೊಟ್ಟೆ ಭಾರವಾದ ಮೇಲೆ ಹೊರಟೆವು. ಎದುರಿಗೆ ಕಬ್ಬಿನ ಗಾಡಿ, ಕುರಿ ಹಿಂಡು, ಯಾವುದೋ ಊರಿನ ಜಾತ್ರೆಯ ಟ್ರ್ಯಾಕ್ಟರು. ಶಾಂತೇಶನ ಸನ್ನಿಧಿಯಲ್ಲಿ ಸೂರ್ಯ ಕೆಂಪಾದ. ಶಿಕಾರಿಪುರ ತಲುಪುವಷ್ಟರಲ್ಲಿ ಬೀದಿದೀಪ ಹತ್ತಿದ್ದವು. ಅಲ್ಲಿಯ ಭ್ರಾಂತೇಶನನ್ನು ಊರವರು ಹುಚ್ಚರಾಯಸ್ವಾಮಿ ಎನ್ನುತ್ತಾರೆ. ಆ ಹೊತ್ತಿಗೆ ನನ್ನ ಅಣ್ಣ ಫೋನಿನಲ್ಲಿ ನನ್ನನ್ನು ಕರೆಯುತ್ತಿದ್ದ ಹೆಸರುಗಳಲ್ಲಿ ಎರಡೂ ಸೇರಿದ್ದವು.

ರಾಣೆಬೆನ್ನೂರಿನ ಕಲ್ಯಾಣ ಮಂಟಪದ ಮುಂದೆ ಬ್ಯಾಂಡಿನವರು ಸೂರ್ಯ ಮುಳುಗುವ ಮೊದಲೇ ಸಾಲುಗಟ್ಟಿ ನಿಂತಿದ್ದರಂತೆ. ಬೇರೆ ಕಾರಿನಲ್ಲಿ ನೇರ ಬಂದಿದ್ದ ವರ ಎದುರು ಮನೆಯ ಕಟ್ಟೆಯ ಮೇಲೆ ಸೂಟು ಹಾಕಿಕೊಂಡು ಕೂತಿದ್ದ. ತನ್ನವರಿಲ್ಲದೆ ಒಬ್ಬನನ್ನೇ ಇದಿರುಗೊಳ್ಳುವುದು ಹೇಗೆ? ಬ್ಯಾಂಡಿನವರು ಬಂದಷ್ಟೂ ಹಾಡು ಬಾರಿಸಿದರು, ಮತ್ತೆ ಮೊದಲಿನಿಂದ ಬಾರಿಸಿದರು, ಅವರ ಬಾಡಿಗೆ ತಾಸಿನ ಲೆಕ್ಕದ್ದು. ನಾವು ಇಳಿದಾಗ ಓಣಿಯ ಅರ್ಧ ಜನ ಮಲಗಿತ್ತು, ಇನ್ನರ್ಧ ಬ್ಯಾಂಡಿನಿಂದಾಗಿ ಎದ್ದಿತ್ತು. ಬೀಗರು ಧೂಳು ಮೆತ್ತಿಕೊಂಡು, ಮೂಗು ಕೆಂಪಾಗಿ, ಹಣೆಯ ಮೇಲೆ ಮೂರು ಊರುಗಳ ಕುಂಕುಮ ಹೊತ್ತು ಇಳಿದರು. ಅಣ್ಣ ನನ್ನ ಕೈಯಿಂದ ಡಬ್ಬಿ ಕಸಿದುಕೊಂಡು ತೆರೆದ. ಜರಿ ಇತ್ತು, ಗೊಂಡೆ ಇತ್ತು, ದಾರ ಇತ್ತು. ಘಾಟು, ಮಿರ್ಚಿ, ಹಿರೇಕೆರೂರಿನ ತಿರುವುಗಳಲ್ಲಿ ಮಕ್ಕಳಿಗೆ ಬಂದ ವಾಂತಿ, ಎಲ್ಲಕ್ಕೂ ಮದ್ದಾಗಿ ಏಲಕ್ಕಿ ಕಳಚಿ ಹೋಗಿತ್ತು. ಸಾಕ್ಷಿ ಹೇಳಲೆಂಬಂತೆ ಅಲ್ಲೊಂದು ಇಲ್ಲೊಂದು ಕಾಯಿ. ಅಣ್ಣ ಅದನ್ನೇ ವರನ ಕೊರಳಿಗೆ ಹಾಕಿದ. ಹುಡುಗ ಒಳ್ಳೆಯವನು, ಪರಿಮಳ ಬರುತ್ತದೆ ಎಂದ. ಅದು ನಮ್ಮ ಬಾಯಿಯಿಂದ ಬರುತ್ತಿತ್ತು.

ಅಷ್ಟಾದರೂ ನನ್ನ ಹುದ್ದೆ ಹೋಗಲಿಲ್ಲ, ಬದಲಿಗೆ ಯಾರೂ ಇರಲಿಲ್ಲ. ಮರುದಿನ ನಸುಕಿನಲ್ಲಿ ಮಕ್ಕಳು ಕೃಷ್ಣಮೃಗ ಎಂದು ಹಟ ಹಿಡಿದವು. ಹಾವೇರಿಗೆ ಮರಳದೆ ಎಲ್ಲರೂ ಮಂಟಪದಲ್ಲೇ ಮಲಗಿದ್ದರಿಂದ ಅಭಯಾರಣ್ಯ ಹತ್ತಿರವಿತ್ತು, ಮುಹೂರ್ತ ಹನ್ನೊಂದರ ಮೇಲಿತ್ತು. ಅಣ್ಣ ಕೈಮುಗಿದು "ಜಿಲ್ಲಾ ದಾಟಬ್ಯಾಡ" ಎಂದಷ್ಟೇ ಕೇಳಿಕೊಂಡ. 1974ರಲ್ಲಿ ಘೋಷಿಸಿದ್ದು, 119 ಚದರ ಕಿಲೋಮೀಟರು, ಹಿಂದೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯೂ ಇಲ್ಲಿತ್ತು ಎಂದು ಹೇಳುತ್ತ ಕರೆದೊಯ್ದೆ. ಚದರ ಕಿಲೋಮೀಟರು ಎಲ್ಲಾ ಇದ್ದವು. ನೀಲಗಿರಿ ಮರಗಳಿದ್ದವು. ಸದ್ದು ಮಾಡಬಾರದೆಂದು ಪಿಸುಗುಟ್ಟುತ್ತ ಕಾದೆವು. ಸದ್ದು ಮಾಡಲು ಕಾರಣವಾಗುವಂಥದ್ದು ಏನೂ ಕಾಣಲಿಲ್ಲ. ಸೋತು ಹಿಂದಿರುಗುವಾಗ ರಸ್ತೆ ಬದಿಯ ಬೇಸಿಗೆ ಶೇಂಗಾ ಹೊಲದಲ್ಲಿ ಇಡೀ ಹಿಂಡು ನಿಂತಿತ್ತು. ಕಪ್ಪು ಬೆನ್ನಿನ, ಸುರುಳಿ ಕೊಂಬಿನ ಗಂಡು ನಡುವೆ, ಸುತ್ತ ಕಂದು ಹೆಣ್ಣುಗಳು. ಮಕ್ಕಳು ಕಿರುಚಿದವು. ಹಿಂಡು ಗಾಳಿಯಲ್ಲಿ ನೆಗೆದು ಬದು ದಾಟಿತು. ಸೋದರತ್ತೆಯವರೂ "ಅಯ್ಯೋ ದೇವರೇ" ಎಂದು ಕೆನ್ನೆಗೆ ಕೈಯಿಟ್ಟರು.

ಹೊಲದ ಆ ತುದಿಯಿಂದ ರೈತ ತಂಬಿಗೆ ಬಡಿಯುತ್ತ ಓಡಿ ಬಂದ. ರಾತ್ರಿಯೆಲ್ಲ ಕಾವಲು ಕೂತು ಕಣ್ಣು ಕೆಂಪಾಗಿದ್ದವು. ನಾವು ಫೋಟೋ ತೆಗೆಯುವುದನ್ನು ನೋಡಿ ನಿಂತ.

"ಎಲ್ಲಿಯವ್ರಿ?"

"ಬೆಂಗಳೂರಿಂದ. ಮದುವೆಗೆ ಬಂದಿದ್ವಿ. ಎಷ್ಟು ಚೆನ್ನಾಗಿವೆ!" ಎಂದರು ಇಂಜಿನಿಯರು.

"ಚಲೋ ಕಂಡ್ರ ಒಯ್ರಿ" ಎಂದ ಆತ. "ಗಾಡ್ಯಾಗ ಜಾಗಾ ಐತಲ್ಲ."

ಅಕ್ಕಿಕಾಳು ಸಮಯಕ್ಕೆ ಬಿದ್ದವು. ಅದರಲ್ಲಿ ನನ್ನ ಪಾತ್ರವಿರಲಿಲ್ಲ.

ತಿಂಗಳ ನಂತರ ಬೆಂಗಳೂರಿನಲ್ಲಿ ಬೀಗರೂಟ. ಈ ಬಾರಿ ಲಿಸ್ಟು ಅಲ್ಲಿಂದ ಬಂತು, ವರನ ತಂಗಿ ಕಳಿಸಿದ್ದು: ಲಾಲ್‌ಬಾಗ್, ವಿಧಾನಸೌಧ ಹೊರಗಿನಿಂದ, ಕಬ್ಬನ್ ಪಾರ್ಕು, ಗಾಂಧಿ ಬಜಾರಿನಲ್ಲಿ 1943ರಿಂದಿರುವ ವಿದ್ಯಾರ್ಥಿ ಭವನದ ದೋಸೆ, ಅದಕ್ಕಿಂತ ಹಳೆಯದಾದ ಎಂ.ಟಿ.ಆರ್.ನ ರವೆ ಇಡ್ಲಿ. ಪ್ರತಿಯೊಂದರ ಮುಂದೆ ತೆರೆಯುವ ವೇಳೆ, ಮುಚ್ಚುವ ವೇಳೆ, ಎಷ್ಟು ಹೊತ್ತಿನ ಸರತಿ, ಎಲ್ಲಾ ಇತ್ತು. ಹೆಂಡತಿ ಅದನ್ನು ನನ್ನ ಕಣ್ಣ ಮುಂದೆ ಹಿಡಿದು, ಲಿಸ್ಟು ಎಂದರೆ ಇದು ಎಂದು ಬಾಯಿಬಿಟ್ಟು ಹೇಳದೆ ಹೇಳಿದಳು. ಕೊನೆಯ ಸಾಲಿನಲ್ಲಿ ಮಾತ್ರ "ಟ್ರಾಫಿಕ್ ಇರುತ್ತೆ, ಇದರಲ್ಲಿ ಯಾವುದಾದ್ರೂ ಒಂದು ನೋಡಿ ಸಾಕು" ಎಂದಿತ್ತು.

ಅದೂ ಆಗಲಿಲ್ಲ. ಯಶವಂತಪುರ ದಾಟುವಷ್ಟರಲ್ಲೇ ಮಧ್ಯಾಹ್ನವಾಗಿ, ಹಸಿದ ಅಣ್ಣ ಬಸ್ಸಿನ ಕಿಟಕಿಯಿಂದ "ಉತ್ತರ ಕರ್ನಾಟಕದ ಖಾನಾವಳಿ" ಎಂಬ ಬೋರ್ಡು ನೋಡಿ ಡ್ರೈವರನಿಗೆ ಕೂಗಿದ. ನಮ್ಮ ನಿಬ್ಬಣವಿಡೀ ಇಳಿದು ರೊಟ್ಟಿಗೆ ಕೂತಿತು. ಮನೆಯಲ್ಲಿ ದಿನಾ ತಿನ್ನುವುದನ್ನೇ ದುಬಾರಿ ಕೊಟ್ಟು ತಿನ್ನುತ್ತ, ರೊಟ್ಟಿ ದಪ್ಪಾತು, ಚಟ್ನಿಯಾಗ ಬಳ್ಳೊಳ್ಳಿ ಕಡಿಮಿ ಎಂದು ಎಲ್ಲರೂ ಖುಷಿಯಿಂದ ದೂರಿದರು. ಗುರೆಳ್ಳು ಚಟ್ನಿ ಹಾಕಲು ಬಂದ ಹುಡುಗ ನಮ್ಮ ಮಾತು ಕೇಳಿ ನಿಂತ. ರಾಣೆಬೆನ್ನೂರು ಕಡೆಯವನಂತೆ. ಊರಾಗ ಮಳಿ ಹೆಂಗೈತ್ರಿ ಎಂದು ಕೇಳಿದ.

"ಅದಿರ್ಲಿ, ಬೆಂಗಳೂರಾಗ ನೋಡಾಕ ಏನೇನೈತೋ?" ಎಂದ ಅಣ್ಣ, ನನ್ನ ಕಡೆ ಬೆನ್ನು ತಿರುಗಿಸಿ.

"ಯಾರಿಗ್ಗೊತ್ರಿ" ಎಂದ ಹುಡುಗ, ಇನ್ನೊಂದು ರೊಟ್ಟಿ ಹಾಕುತ್ತ. "ನಾ ಇಲ್ಲೇ ಇರ್ತೇನಲ್ರಿ."